ಘಟ್ಟದ ಮೇಲೊಂದು ಸಮುದ್ರದ ತೊಟ್ಟಿ: ಮೀನಿಗಿಂತ ಮೊದಲು ನೀರನ್ನು ಸಾಕಿ

ರಾಮನಗರದಿಂದ ಮೊಲ್ಲೆಮ್ ಕಡೆ ಹೋಗುವ ರಸ್ತೆಯ ಆಚೀಚೆ, ಜೊಯಿಡಾ, ದಾಂಡೇಲಿ ಭಾಗದಲ್ಲಿ ಹೋಂಸ್ಟೇ ನಡೆಸುವ ರೈತ ಹುಡುಗರು ಈಗ ಒಂದು ಪ್ರಶ್ನೆ ಜಾಸ್ತಿ ಕೇಳ್ತಾರೆ: “ಜಗುಲಿಯಲ್ಲಿ ದೊಡ್ಡ ಸಮುದ್ರದ ಅಕ್ವೇರಿಯಂ ಇಡಬಹುದಾ? ಮೊಬೈಲಿನಲ್ಲಿ ನೋಡ್ತೀವಲ್ಲ, ಬಣ್ಣ ಬಣ್ಣದ ಹವಳ, ಕೇಸರಿ ಪಟ್ಟೆಯ ಮೀನು, ಅಂಥದ್ದು.”

ಇಡಬಹುದು. ಅನಮೋಡದ ನಮ್ಮ ಮನೆಯಲ್ಲಿ 6 ಅಡಿಯ ಉಪ್ಪುನೀರಿನ ತೊಟ್ಟಿ ನಡೆಸುತ್ತಿರುವ ಅನುಭವದಿಂದಲೇ ಇದನ್ನು ಬರೀತಿದ್ದೇನೆ. ಆದರೆ ವಿಡಿಯೋದಲ್ಲಿ ಕಂಡದ್ದೆಲ್ಲ ನಮ್ಮಲ್ಲಿ ಆಗೋದಿಲ್ಲ, ಆಗಬಾರದ್ದೂ ಉಂಟು. ಲಕ್ಷದ ಮೇಲೆ ಹೋಗುವ ಕೆಲಸ ಇದು. ಅವಸರ ಮಾಡಿದರೆ ದುಡ್ಡೂ ಹೋಯ್ತು, ಜೀವಗಳೂ ಹೋದವು. ಒಂದೇ ಮಾತು ನೆನಪಿಟ್ಟುಕೊಳ್ಳಿ: ಇಲ್ಲಿ ನಾವು ಸಾಕೋದು ಮೀನನ್ನಲ್ಲ, ನೀರನ್ನು. ಮಣ್ಣು ಸರಿಯಿದ್ದರೆ ಬೆಳೆ ಬಂದ ಹಾಗೆ, ನೀರು ಸರಿಯಿದ್ದರೆ ಮೀನು ತಾನಾಗಿ ಬದುಕುತ್ತದೆ.

1. ಮೊದಲು ಕಾನೂನು: ಹವಳ ಬೇಡ

ನಮ್ಮ ಜಿಲ್ಲೆಗೂ ಹವಳಕ್ಕೂ ಸಂಬಂಧ ಇಲ್ಲ ಅಂದುಕೊಳ್ಳಬೇಡಿ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ಸ್ಕೂಬಾ ಮಾಡುವವರು ಅಲ್ಲಿಗೇ ಹೋಗೋದು. ಅದನ್ನು ನೋಡಿ ಬರಬಹುದು, ತರುವ ಹಾಗಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೀಸಣಿಗೆಯಂತಿರುವ ಸಮುದ್ರ ಬೀಸಣಿಗೆ, ಸಮುದ್ರಕುದುರೆ ಎಲ್ಲವೂ ಸೇರಿವೆ. ಹುಲಿ ಇರುವ ಪಟ್ಟಿಯೇ ಅದು. ಅಪರಾಧ ಸಾಬೀತಾದರೆ 3 ವರ್ಷಕ್ಕೆ ಕಡಿಮೆಯಿಲ್ಲದ ಜೈಲು. ಸತ್ತ ಹವಳದ ತುಂಡನ್ನು ಅಲಂಕಾರಕ್ಕೆ ಅಂತ ಇಟ್ಟುಕೊಂಡರೂ ತೊಂದರೆಯೇ. ‘ಲೈವ್ ರಾಕ್’ ಅಂತ ಮಾರುವ ಕಲ್ಲು ಎಷ್ಟೋ ಸಲ ಸಮುದ್ರದಿಂದ ಕಿತ್ತ ಹವಳದ ಎಲುಬೇ ಆಗಿರುತ್ತದೆ.

ನಾವು ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಇರುವವರು. ಕಾಡಿನಲ್ಲಿ ಜಿಂಕೆಯ ಕೋಡು ಬಿದ್ದಿದ್ದರೂ ಮನೆಗೆ ತರೋದಿಲ್ಲ ಅಲ್ವಾ? ಹವಳವನ್ನೂ ಹಾಗೇ ನೋಡಿ. ಗೋವಾದಿಂದ ಯಾರೋ ಪರಿಚಯದವರು ತಂದುಕೊಡ್ತೇನೆ ಅಂದರೂ ಬೇಡ ಅನ್ನಿ. ಬಿಲ್ಲು, ಮೂಲ ತಿಳಿಸುವ ಕಾಗದ ಇಲ್ಲದ ಯಾವ ಜೀವಿಯನ್ನೂ ಕೊಳ್ಳಬೇಡಿ.

ಹಾಗಾದರೆ ತೊಟ್ಟಿಯಲ್ಲಿ ಏನಿರುತ್ತದೆ? ನಾವೇ ಮಾಡಿದ ಕಲ್ಲಿನ ದಿಬ್ಬ, ಹಸಿರು ಮತ್ತು ಕೆಂಪು ಕಡಲಪಾಚಿ, ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಮೀನು. ನೋಡೋಕೆ ಇಷ್ಟು ಸಾಕು. ಹವಳ ಇಲ್ಲದ್ದರಿಂದ ದುಬಾರಿ ಲೈಟಿನ ಖರ್ಚೂ ಉಳಿಯುತ್ತದೆ.

2. ಜಾಗ ಮತ್ತು ತೂಕ

ದೊಡ್ಡ ತೊಟ್ಟಿ ಕಷ್ಟ, ಸಣ್ಣದು ಸುಲಭ ಅಂತ ಹೊಸಬರು ಎಣಿಸ್ತಾರೆ. ಉಪ್ಪುನೀರಿನಲ್ಲಿ ಉಲ್ಟಾ. ನೀರು ಹೆಚ್ಚಿದ್ದಷ್ಟೂ ಬಿಸಿ, ಉಪ್ಪು, ಕೊಳೆ ಎಲ್ಲವೂ ನಿಧಾನ ಬದಲಾಗುತ್ತವೆ, ತಿದ್ದಿಕೊಳ್ಳೋಕೆ ನಮಗೆ ಸಮಯ ಸಿಗುತ್ತದೆ.

6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಗೆ ಸುಮಾರು 680 ಲೀಟರ್ ಹಿಡಿಯುತ್ತದೆ. 12 ಮಿ.ಮೀ. ದಪ್ಪದ ಗಾಜು ಬೇಕು. ಗಾಜೇ 120 ಕಿಲೋ ದಾಟುತ್ತದೆ. ನೀರು, ಕಲ್ಲು, ಮರಳು ಸೇರಿದರೆ ಹತ್ತಿರ ಹತ್ತಿರ 1 ಟನ್. ಆದ್ದರಿಂದ:

- ನೆಲಮಹಡಿಯಲ್ಲೇ ಇಡಿ. ಮರದ ಅಟ್ಟ, ಮಾಳಿಗೆ ಬೇಡ.
- ಸಗಣಿ ಸಾರಿಸಿದ ಮಣ್ಣಿನ ನೆಲವಾದರೆ ಆ ಜಾಗಕ್ಕೆ ಮೊದಲು ಕಾಂಕ್ರೀಟ್ ಹಾಕಿಸಿ.
- ಕಬ್ಬಿಣದ ಸ್ಟ್ಯಾಂಡ್ ಉಪ್ಪಿನ ಹನಿಗೆ, ನಮ್ಮ ಮಳೆಗಾಲದ ತಂಡಿಗೆ ಬೇಗ ತುಕ್ಕು ಹಿಡಿಯುತ್ತದೆ. ಚಿರೆಕಲ್ಲು ಕಟ್ಟಿ, ಮೇಲೆ ಸಿಮೆಂಟ್ ಗಿಲಾಯಿ ಮಾಡಿಸಿದ ಕಟ್ಟೆ ಅಗ್ಗ, ಗಟ್ಟಿ. ಕೆಳಗಿನ ತೊಟ್ಟಿ ಇಡೋಕೆ ಮಧ್ಯೆ ಗೂಡು ಬಿಡಿಸಿ.
- ಕಟ್ಟೆಯ ಮೇಲ್ಮೈ ಮಟ್ಟ ಸರಿ ಇರಲಿ. ಗಾಜಿನ ಅಡಿಗೆ ಥರ್ಮೋಕೋಲ್ ಹಾಳೆ ಹಾಕಿ.
- ಬಿಸಿಲು ನೇರ ಬೀಳುವ ಕಿಟಕಿ, ಹೊಗೆ ಬರುವ ಒಲೆ, ಸೊಳ್ಳೆಬತ್ತಿ ಹಚ್ಚುವ ಮೂಲೆ, ಇವುಗಳಿಂದ ದೂರ ಇಡಿ. ಗಾಳಿ ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ತಳ್ಳೋದು. ಸೊಳ್ಳೆ ಕೀಟನಾಶಕ ಮೀನಿಗೂ ಸಿಗಡಿಗೂ ವಿಷ.

3. ನೀರು ಎಲ್ಲಿಂದ?

ಕಾರವಾರದಿಂದಲೋ ಗೋವಾದಿಂದಲೋ ಸಮುದ್ರದ ನೀರನ್ನೇ ಪಿಕಪ್‌ನಲ್ಲಿ ತರಬಹುದಲ್ಲ ಅಂತ ಕೇಳ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಬೇಡವೇ ಬೇಡ. ನಮ್ಮ ಜೊಯಿಡಾ ತಾಲ್ಲೂಕಿನಲ್ಲೇ ಹುಟ್ಟುವ ಕಾಳಿ ನದಿ ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ಇಂಥ ನದಿಗಳ ಸಿಹಿನೀರು, ಕೆಸರು ದಡದ ತುಂಬ ಹರಡಿ ಉಪ್ಪಿನಂಶ ಇಳಿದುಬಿಡುತ್ತದೆ. ಬೇಸಿಗೆಯಲ್ಲಿ ತಂದರೂ ಅಳಿವೆ, ಬಂದರು, ದೋಣಿ ನಿಲ್ಲುವ ಜಾಗದಿಂದ ದೂರದ ನೀರೇ ಆಗಬೇಕು. 600 ಕಿಲೋ ಉಪ್ಪುನೀರು ಹೊತ್ತು ಘಟ್ಟ ಹತ್ತುವ ಬದಲು ಅಕ್ವೇರಿಯಂ ಉಪ್ಪು ಕೊಂಡು ಮನೆಯಲ್ಲೇ ಬೆರೆಸೋದು ಒಳ್ಳೇದು.

ಅಡುಗೆ ಉಪ್ಪು, ದನಕ್ಕೆ ಹಾಕುವ ಹರಳುಪ್ಪು ನಡೆಯೋದಿಲ್ಲ. ಅದರಲ್ಲಿ ಸಮುದ್ರದ ನೀರಿನಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರೋದಿಲ್ಲ. ಸಮುದ್ರ ಅಕ್ವೇರಿಯಂಗೆಂದೇ ಮಾಡಿದ ಉಪ್ಪು ಲೀಟರಿಗೆ ಸುಮಾರು 36 ಗ್ರಾಂ ಬೇಕು. ಮೇಲಿನ, ಕೆಳಗಿನ ತೊಟ್ಟಿ ಸೇರಿ 650 ಲೀಟರ್ ನೀರಾದರೆ 23–24 ಕಿಲೋ.

ಬೆರೆಸೋಕೆ ಸಿಹಿನೀರು ಬೇಕು. ನಮಗೆ ಇದರಲ್ಲಿ ಅದೃಷ್ಟ ಉಂಟು, ಮಳೆನೀರು. ಆದರೆ ಕೆಲವು ನಿಯಮ:

- ಮೊದಲ ಕೆಲವು ಮಳೆ ಬಿಟ್ಟು, ಮಾಡು ಚೆನ್ನಾಗಿ ತೊಳೆದುಹೋದ ಮೇಲೆ ಹಿಡಿಯಿರಿ.
- ಹಂಚಿನ ಮಾಡಿನ ನೀರು ಆಗಬಹುದು. ತಗಡಿನ ಮಾಡಿನ ನೀರಿನಲ್ಲಿ ಸತು ಸೇರುತ್ತದೆ, ಬೇಡ.
- ತೋಟಕ್ಕೆ ಔಷಧಿ ಹೊಡೆದ ವಾರ ಹಿಡಿಯಬೇಡಿ. ಗಾಳಿಗೆ ಅದು ಮಾಡಿನ ಮೇಲೂ ಬಂದು ಕೂರುತ್ತದೆ.
- ಆಹಾರ ತುಂಬುವ ದರ್ಜೆಯ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಮುಚ್ಚಿ, ಕತ್ತಲಲ್ಲಿ ಇಡಿ. ಕೀಟನಾಶಕದ ಹಳೇ ಕ್ಯಾನು ಎಷ್ಟು ತೊಳೆದರೂ ಬೇಡ.

ಬಾವಿ ನೀರಿನಲ್ಲಿ ಕಬ್ಬಿಣ, ಗೊಬ್ಬರದ ನೈಟ್ರೇಟ್ ಇರಬಹುದು. ಅದನ್ನೇ ಬಳಸೋದಾದರೆ ಆರ್‌ಓ ಯಂತ್ರದಿಂದ ಹಾಯಿಸಿ. ಟಿಡಿಎಸ್ ಮೀಟರ್ 20ರ ಒಳಗೆ ತೋರಿಸಲಿ.

ನೀರಿಗೆ ಉಪ್ಪು ಹಾಕಿ ಪಂಪಿನಿಂದ ಒಂದು ದಿನ ತಿರುಗಿಸಿ, ಆಮೇಲೆ ಅಳೆಯಿರಿ. ಡೇರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಡ್ತಾರಲ್ಲ, ಅದೇ ತತ್ವದ ಹೈಡ್ರೋಮೀಟರ್ ಇದಕ್ಕೂ ಇದೆ. ಒಂದೇ ಹನಿ ಸಾಕಾಗುವ ರಿಫ್ರಾಕ್ಟೋಮೀಟರ್ ಇನ್ನೂ ನಿಖರ. ಸಾಂದ್ರತೆ 1.025, ಅಂದರೆ ಲೀಟರಿಗೆ ಹತ್ತಿರ 35 ಗ್ರಾಂ ಉಪ್ಪಿನಂಶ ಬರಬೇಕು.

4. ಕಲ್ಲು, ಮರಳು

ಚಿರೆಕಲ್ಲು ಕಟ್ಟೆಗೆ ಒಳ್ಳೇದು, ತೊಟ್ಟಿಯ ಒಳಗೆ ಬೇಡ. ಅದರ ಕಬ್ಬಿಣದಂಶ ಪಾಚಿಗೆ ಗೊಬ್ಬರ ಆಗ್ತದೆ. ಹೊಳೆಯ ಮರಳೂ ಬೇಡ.

ಅಂಗಡಿಯಲ್ಲಿ ಸಿಗುವ ಸುಟ್ಟ ಮಣ್ಣಿನ ರಂಧ್ರದ ಕಲ್ಲು ತರಬಹುದು, ಇಲ್ಲವೇ ಮನೆಯಲ್ಲೇ ಮಾಡಬಹುದು. ಸಿಮೆಂಟಿಗೆ ಕುದಿಸಿ ತೊಳೆದು ಪುಡಿ ಮಾಡಿದ ಬಳಚಿನ (ತಿಸ್ರೆಯ) ಚಿಪ್ಪು, ದಪ್ಪ ಹರಳುಪ್ಪು ಬೆರೆಸಿ ಒದ್ದೆ ಮರಳಿನ ಗುಂಡಿಯಲ್ಲಿ ಅಚ್ಚು ಹಾಕಿ. ಗಟ್ಟಿಯಾದ ಮೇಲೆ ನೀರಿಗೆ ಹಾಕಿದರೆ ಹರಳುಪ್ಪು ಕರಗಿ ಅಲ್ಲೆಲ್ಲ ತೂತು ಉಳಿಯುತ್ತದೆ. ಹೊಸ ಸಿಮೆಂಟ್ ನೀರಿನ ಪಿಎಚ್ ಏರಿಸೋದರಿಂದ 6–8 ವಾರ ಸಿಹಿನೀರಿನಲ್ಲಿ ಮುಳುಗಿಸಿ, ವಾರಕ್ಕೊಮ್ಮೆಯಾದರೂ ನೀರು ಬದಲಿಸಿ. ಪಿಎಚ್ 8ರ ಸುತ್ತ ನಿಂತ ಮೇಲೆ ಮಾತ್ರ ತೊಟ್ಟಿಗೆ ಇಳಿಸಿ.

ಕಲ್ಲು ಗಾಜಿನ ತಳದ ಮೇಲೆ ಗಟ್ಟಿಯಾಗಿ ಕೂರಲಿ, ಅದರ ಸುತ್ತ ಒಂದೆರಡು ಇಂಚು ಅರಗೊನೈಟ್ ಮರಳು ಹಾಕಿ. ಮರಳಿನ ಮೇಲೆ ಕಲ್ಲು ಇಟ್ಟರೆ ಮೀನು ಕೆದಕಿದಾಗ ಜಾರಿ ಗಾಜು ಒಡೆದೀತು.

5. ಯಂತ್ರಗಳು

- ಕೆಳತೊಟ್ಟಿ: ಅಂಗಡಿಯವರು ‘ಸಂಪ್’ ಅಂತಾರೆ. ಮೇಲಿನ ನೀರು ಇಲ್ಲಿಗೆ ಇಳಿದು, ಸೋಸಿ, ಪಂಪಿನಿಂದ ಮೇಲೆ ಹೋಗುತ್ತದೆ. ಗಂಟೆಗೆ 2000–3000 ಲೀಟರ್ ಎತ್ತುವ ಪಂಪು ಸಾಕು. ಕರೆಂಟ್ ಹೋದಾಗ ಮೇಲಿನಿಂದ ಸ್ವಲ್ಪ ನೀರು ಇಳಿದೇ ಇಳಿಯುತ್ತದೆ, ಅದಕ್ಕೆ ಜಾಗ ಬಿಟ್ಟಿರಬೇಕು. ಮೀನು ಹಾಕುವ ಮೊದಲೇ ಸ್ವಿಚ್ ಆರಿಸಿ ಪರೀಕ್ಷೆ ಮಾಡಿ.
- ಪ್ರೋಟೀನ್ ಸ್ಕಿಮ್ಮರ್: ಆಲೆಮನೆಯಲ್ಲಿ ಕೊಪ್ಪರಿಗೆಯ ಮೇಲಿನ ಹೊಲಸು ನೊರೆ ತೆಗೀತಾರಲ್ಲ, ಅದೇ ಕೆಲಸ. ಸಣ್ಣ ಗುಳ್ಳೆಗಳಿಗೆ ಕೊಳೆ ಅಂಟಿ ನೊರೆಯಾಗಿ ಮೇಲಿನ ಬಟ್ಟಲಿಗೆ ಬರುತ್ತದೆ.
- ವೇವ್ ಮೇಕರ್: ಅಲೆ ಎಬ್ಬಿಸುವ ಫ್ಯಾನು. ಎರಡು ಬೇಕು. ಸಾಧ್ಯವಿದ್ದರೆ ಬ್ಯಾಟರಿಯಲ್ಲೂ ಓಡುವ ಡಿಸಿ ಜಾತಿಯದ್ದೇ ಕೊಳ್ಳಿ.
- ಹೀಟರ್, ಫ್ಯಾನು: 24ರಿಂದ 27 ಡಿಗ್ರಿ ಒಳಗೆ ನೀರು ಇರಬೇಕು. ಘಟ್ಟದ ಮೇಲೆ ಡಿಸೆಂಬರ್–ಜನವರಿ ರಾತ್ರಿಗೆ ಹೀಟರ್ ಬೇಕೇ ಬೇಕು. ಏಪ್ರಿಲ್–ಮೇಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನು ಬೀಸಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ.
- ಲೈಟು: ಸಾಧಾರಣ ಎಲ್‌ಇಡಿ, ದಿನಕ್ಕೆ 8 ಗಂಟೆ, ಟೈಮರ್ ಹಾಕಿ.
- ಆರ್‌ಸಿಸಿಬಿ: ಇದನ್ನು ಬಿಡಲೇಬೇಡಿ. ಉಪ್ಪುನೀರಿನಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಎರಡೂ ಇರಲಿ. ವಯರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೆ ಹೋಗಲಿ, ಆಗ ಹನಿ ಪ್ಲಗ್ಗಿಗೆ ಹರಿಯೋದಿಲ್ಲ.

6. ತೊಟ್ಟಿ ಹದಕ್ಕೆ ಬರೋದು

ಇಲ್ಲೇ ಹೆಚ್ಚಿನವರ ತಾಳ್ಮೆ ಮುಗಿಯೋದು. ನೀರು ತುಂಬಿ, ಲೈಟ್ ಹಾಕಿದ ದಿನವೇ ಮೀನು ಬಿಡಬಾರದು. ಹಸಿ ಗೊಬ್ಬರ ಗಿಡದ ಬುಡಕ್ಕೆ ಹಾಕಿದರೆ ಏನಾಗ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಇಲ್ಲೂ ಅದೇ.

ಮೀನಿನ ಹಿಕ್ಕೆ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ. ಸಮುದ್ರದ ನೀರಿನ ಪಿಎಚ್ 8ರ ಮೇಲಿರೋದರಿಂದ ಅಮೋನಿಯಾ ಸಿಹಿನೀರಿಗಿಂತ ಇಲ್ಲಿ ಹೆಚ್ಚು ಅಪಾಯ. ನೈಟ್ರೇಟ್ ಸ್ವಲ್ಪ ಇದ್ದರೆ ತಡೆದುಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾ ಕಲ್ಲಿನ ತೂತಿನಲ್ಲಿ, ಮರಳಿನಲ್ಲಿ ನೆಲೆಯಾಗೋಕೆ 4ರಿಂದ 6 ವಾರ ಬೇಕು.

ಮಾಡುವ ಕ್ರಮ ಹೀಗೆ: ಅಕ್ವೇರಿಯಂಗೆಂದೇ ಸಿಗುವ ಅಮೋನಿಯಾ ದ್ರಾವಣವನ್ನು ಪರೀಕ್ಷಾ ಕಿಟ್‌ನಲ್ಲಿ 2 ಪಿಪಿಎಂ ತೋರಿಸುವಷ್ಟು ಹಾಕಿ. ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಕಿದರೆ ಹೆಪ್ಪು ಹಾಕಿದ ಹಾಗೆ, ಕೆಲಸ ಬೇಗ ಶುರುವಾಗುತ್ತದೆ. ಮೂರು ದಿನಕ್ಕೊಮ್ಮೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ನೋಡಿ. ಕಿಟ್‌ನ ಬಣ್ಣದ ಫೋಟೋ ಮೊಬೈಲಿನಲ್ಲಿ ತೆಗೆದು ಒಂದೇ ಆಲ್ಬಮ್ಮಿನಲ್ಲಿ ಹಾಕುತ್ತಾ ಹೋಗಿ, ತಿಂಗಳಾದ ಮೇಲೆ ನೀರಿನ ಪಹಣಿಯೇ ನಿಮ್ಮ ಕೈಲಿರ್ತದೆ. ಹಾಕಿದ 2 ಪಿಪಿಎಂ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಗೆ ಇಳಿದು ನೈಟ್ರೈಟೂ ಸೊನ್ನೆಯಾದರೆ ತೊಟ್ಟಿ ಹದಕ್ಕೆ ಬಂತು. ಆಮೇಲೆ ಅರ್ಧದಷ್ಟು ನೀರು ಬದಲಿಸಿ ನೈಟ್ರೇಟ್ ಇಳಿಸಿ.

ಈ ಹೊತ್ತಿಗೆ ಕಲ್ಲು, ಗಾಜಿನ ಮೇಲೆ ಕಂದು ಪಾಚಿ ಬರುತ್ತದೆ. ಹೆದರಿ ಔಷಧಿ ಹಾಕಬೇಡಿ, ಕೆಲವು ವಾರಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ.

7. ಮೈಲುತುತ್ತದ ಕೈ ತೊಟ್ಟಿಗೆ ಬೇಡ

ಪೇಟೆಯ ಪುಸ್ತಕಗಳಲ್ಲಿ ಇದು ಸಿಗೋದಿಲ್ಲ, ತೋಟದವರಿಗೆ ಮಾತ್ರ ಬೇಕಾದ ವಿಷಯ. ಕೊಳೆರೋಗಕ್ಕೆ ನಾವು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿರುವ ಮೈಲುತುತ್ತ ಅಂದರೆ ತಾಮ್ರ. ಸಿಗಡಿ, ಶಂಖದ ಹುಳ, ಏಡಿ, ಇಂಥ ಬೆನ್ನುಮೂಳೆ ಇಲ್ಲದ ಜೀವಿಗಳಿಗೆ ಅತಿ ಕಡಿಮೆ ತಾಮ್ರವೂ ಸಾವು. ಒಮ್ಮೆ ಕಲ್ಲು, ಮರಳಿಗೆ ಸೇರಿದರೆ ಪೂರ್ತಿ ತೆಗೆಯೋದು ಬಹಳ ಕಷ್ಟ.

ಔಷಧಿ ಹೊಡೆಯುವ ದಿನಗಳಲ್ಲಿ ತೊಟ್ಟಿಗೆ ಕೈ ಹಾಕುವವರು ಬೇರೆಯವರಾಗಲಿ. ಒಬ್ಬರೇ ಇದ್ದರೆ ಸ್ನಾನ ಮಾಡಿ, ಉದ್ದ ಗವಸು ಹಾಕಿಕೊಳ್ಳಿ. ತೊಟ್ಟಿಯ ಬಕೆಟ್, ಪೈಪು, ಬಟ್ಟೆಗೆ ಕೆಂಪು ಟೇಪ್ ಸುತ್ತಿ ಪ್ರತ್ಯೇಕ ಇಡಿ. ಮನೆಯ ತಾಮ್ರದ ಹಂಡೆ, ಹಿತ್ತಾಳೆ ನಲ್ಲಿಯ ನೀರನ್ನೂ ಬಳಸಬೇಡಿ.

8. ಮೀನು

ಕೇಸರಿ-ಬಿಳಿ ಪಟ್ಟೆಯ ಕ್ಲೌನ್ ಮೀನಿನಿಂದ ಶುರು ಮಾಡಿ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ಅಭಿವೃದ್ಧಿಪಡಿಸಿದೆ. ಹಾಗಾಗಿ ಸಾಕಣೆಯಲ್ಲಿ ಹುಟ್ಟಿದ ಮರಿ ದೇಶದಲ್ಲೇ ಸಿಗುತ್ತದೆ. ಸಮುದ್ರದಿಂದ ಹಿಡಿದ ಮೀನು ದಾರಿಯಲ್ಲೇ ಸೊರಗಿರುತ್ತದೆ. ಸಾಕಿದ ಮರಿ ಒಣ ಆಹಾರಕ್ಕೆ ಒಗ್ಗಿರುತ್ತದೆ.

ಕ್ಲೌನ್ ಮೊದಲು ಗಂಡಾಗಿ ಬೆಳೆಯುತ್ತದೆ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಒಂದು ಸ್ವಲ್ಪ ದೊಡ್ಡದು, ಒಂದು ಚಿಕ್ಕದು ಹೀಗೆ ಎರಡು ಸಣ್ಣ ಮರಿ ತಂದರೆ ಸಾಕು, ಜೋಡಿಯಾಗ್ತವೆ. ಅನಿಮೋನ್ ಬೇಕೇಬೇಕು ಅಂತಿಲ್ಲ. ಚೆನ್ನಾಗಿ ನೋಡಿಕೊಂಡರೆ 10 ವರ್ಷ ದಾಟಿ ಬದುಕುತ್ತವೆ. ನಾಯಿ ಸಾಕಿದಷ್ಟೇ ದೀರ್ಘ ಜವಾಬ್ದಾರಿ.

ತಂದ ಮೀನನ್ನು ನೇರ ದೊಡ್ಡ ತೊಟ್ಟಿಗೆ ಬಿಡಬೇಡಿ. ಹೊಸ ಹಸುವನ್ನು ಬೇರೆ ಕಟ್ಟುವ ಹಾಗೆ 60 ಲೀಟರಿನ ಸಣ್ಣ ತೊಟ್ಟಿಯಲ್ಲಿ 4 ವಾರ ಇಡಿ. ಬಿಳಿಚುಕ್ಕಿ ರೋಗಕ್ಕೆ ತಾಮ್ರದ ಔಷಧಿ ಕೊಡಬೇಕಾಗಿ ಬಂದರೆ ಅಲ್ಲೇ ಕೊಡಿ, ಆ ಬಲೆ, ಬಕೆಟ್ ಈಚೆ ಬರಬಾರದು. ತಿಂಗಳಿಗೆ ಒಂದೆರಡು ಮೀನಿಗಿಂತ ಹೆಚ್ಚು ಸೇರಿಸಬೇಡಿ. ಈ ಅಳತೆಗೆ 6–8 ಸಣ್ಣ ಮೀನು ಸಾಕು. ನೀಲಿ ‘ಡೋರಿ’ ಕೇಳುವವರು ಬಹಳ. ಅದು ಒಂದಡಿಯ ಹತ್ತಿರ ಬೆಳೆಯುವ, ಓಡಾಟ ಬೇಕಾದ ಮೀನು. ಬಿಟ್ಟುಬಿಡಿ.

ಆಹಾರ ದಿನಕ್ಕೆ ಒಂದೆರಡು ಸಲ, 2 ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. ಹೋಂಸ್ಟೇಯಲ್ಲಿ ಅತಿಥಿಗಳ ಮಕ್ಕಳು ಚಕ್ಕುಲಿ, ಬಿಸ್ಕತ್ತು ಹಾಕದ ಹಾಗೆ ಮೇಲೆ ಬಲೆಯ ಮುಚ್ಚಳ ಇರಲಿ.

9. ಮಳೆಗಾಲ ಮತ್ತು ಕರೆಂಟ್

ಜುಲೈಯಲ್ಲಿ ಮರ ಬಿದ್ದರೆ ಒಂದು ಇಡೀ ದಿನ ಕರೆಂಟ್ ಇಲ್ಲದಿರೋದು ನಮಗೆ ಹೊಸದಲ್ಲ. ಆಗ ಮೊದಲು ಮುಗಿಯೋದು ಆಮ್ಲಜನಕ. ಲೈಟು, ಸ್ಕಿಮ್ಮರ್, ದೊಡ್ಡ ಪಂಪು ನಿಂತರೂ ಒಂದು ದಿನ ನಡೆಯುತ್ತದೆ, ಆದರೆ ನೀರು ಅಲುಗಾಡುತ್ತಿರಬೇಕು.

ಲೆಕ್ಕ ಸರಳ. ಒಂದು ವೇವ್ ಮೇಕರ್ ಮತ್ತು ಗಾಳಿ ಪಂಪು ಸೇರಿ 20 ವ್ಯಾಟ್. 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1200 ವ್ಯಾಟ್-ಅವರ್ ಇರುತ್ತದೆ. ಅರ್ಧ ಮಾತ್ರ ಬಳಸಿದರೂ 600. ಅಂದರೆ ಸುಮಾರು 30 ಗಂಟೆ, ಇನ್ವರ್ಟರಿನ ನಷ್ಟ ಕಳೆದರೆ 24 ಗಂಟೆ. ಹೀಟರನ್ನು ಇದಕ್ಕೆ ಜೋಡಿಸಬೇಡಿ, ಒಂದೆರಡು ಗಂಟೆಯಲ್ಲಿ ಬ್ಯಾಟರಿ ಖಾಲಿ. ಬೆಚ್ಚಗಿಡೋಕೆ ಗಾಜಿನ ಮೂರು ಬದಿಗೆ ಕಂಬಳಿ ಹೊದಿಸಿ, ಮೇಲ್ಭಾಗ ಗಾಳಿಗೆ ತೆರೆದಿರಲಿ. ಕರೆಂಟ್ ಇಲ್ಲದ ದಿನ ಆಹಾರ ಹಾಕಬೇಡಿ. ಆರೋಗ್ಯದ ಮೀನು ಎರಡು ದಿನ ಉಪವಾಸ ತಡೆಯುತ್ತದೆ. ಮಳೆಗಾಲದಲ್ಲಿ ಸೋಲಾರನ್ನೇ ನಂಬಿ ಕೂರಬೇಡಿ.

10. ವಾರದ ಕೆಲಸ

- ಆರಿದ ನೀರಿಗೆ ಬದಲು ಸಿಹಿನೀರು ಮಾತ್ರ ಸೇರಿಸಿ. ನೀರು ಆರುತ್ತದೆ, ಉಪ್ಪು ಆರೋದಿಲ್ಲ.
- 15 ದಿನಕ್ಕೊಮ್ಮೆ 60 ಲೀಟರ್ ತೆಗೆದು ಅಷ್ಟೇ ಹೊಸ ಉಪ್ಪುನೀರು ಹಾಕಿ.
- ವಾರಕ್ಕೊಮ್ಮೆ ಉಪ್ಪು, ಪಿಎಚ್, ನೈಟ್ರೇಟ್ ಅಳೆದು ಬರೆದಿಡಿ. ಸ್ಕಿಮ್ಮರ್ ಬಟ್ಟಲು ತೊಳೆಯಿರಿ.

ತೆಗೆದ 60 ಲೀಟರಿನಲ್ಲಿ 2 ಕಿಲೋದಷ್ಟು ಉಪ್ಪು ಇರುತ್ತದೆ. ಅಡಿಕೆ, ಬಾಳೆ, ಕಾಳುಮೆಣಸಿನ ಬುಡಕ್ಕೆ ಚೆಲ್ಲಬೇಡಿ, ಬಾವಿ ಹತ್ತಿರವೂ ಬೇಡ, ಹಳ್ಳಕ್ಕಂತೂ ಬೇಡವೇ ಬೇಡ. ತೆಂಗು ಉಪ್ಪು ತಡೆಯುವ ಮರ. ಪ್ರತಿ ಸಲ ಬೇರೆ ಬೇರೆ ತೆಂಗಿಗೆ, ಬುಡದಿಂದ ದೂರ ಹರಡಿ ಹಾಕಬಹುದು. ತೊಟ್ಟಿಯ ಮೀನು, ಪಾಚಿ ಬೇಡ ಅನಿಸಿದರೂ ಸಮುದ್ರಕ್ಕೆ ಬಿಡಬಾರದು, ಹೊರಗಿನ ಜಾತಿಯೂ ರೋಗವೂ ಅಲ್ಲಿಗೆ ಹೋಗುತ್ತದೆ.

11. ಆದಾಯ ಉಂಟಾ?

ಜಗುಲಿಯ ತೊಟ್ಟಿಯಿಂದ ನೇರ ಆದಾಯ ಇಲ್ಲ. ಅತಿಥಿ ಒಂದು ಗಂಟೆ ಅದರ ಮುಂದೆ ಕೂರಬಹುದು, ಅಷ್ಟೇ. ಆದಾಯ ಬೇಕಾದರೆ ಅಲಂಕಾರಿಕ ಮೀನು ಸಾಕಣೆಯ ಘಟಕವೇ ಬೇರೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ 3 ಲಕ್ಷ ರೂಪಾಯಿ ವೆಚ್ಚದ ಹಿತ್ತಲ ಘಟಕಕ್ಕೆ, ಸಿಹಿನೀರಾಗಲಿ ಉಪ್ಪುನೀರಾಗಲಿ, ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60 ಸಹಾಯಧನದ ಲೆಕ್ಕ ಇಡಲಾಗಿತ್ತು. ಈಗ ಅನುದಾನ ಇದೆಯಾ ಅಂತ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ, ಮಂಜೂರಾತಿ ಕೈಗೆ ಬರುವ ಮೊದಲು ಸಾಲ ಮಾಡಬೇಡಿ. ತಾಂತ್ರಿಕ ಮಾಹಿತಿಗೆ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಕಾರವಾರದಲ್ಲೇ ಇದೆ.

ಆದರೆ ಘಟಕಕ್ಕೂ ಪಾಠ ಇದೇ. ನೂರು ಮರಿ ಸಾಕುವ ಮೊದಲು ಒಂದು ಜೋಡಿಯನ್ನು ಒಂದು ಮಳೆಗಾಲ ದಾಟಿಸಿ ನೋಡಿ.

ಶುರು ಮಾಡುವ ಮೊದಲು ಕೇಳಿಕೊಳ್ಳಿ

- 6 ವಾರ ಖಾಲಿ ತೊಟ್ಟಿ ನೋಡಿಕೊಂಡು ಇರೋಕೆ ಆಗ್ತದಾ?
- 24 ಗಂಟೆಯ ಬ್ಯಾಟರಿ, ಆರ್‌ಸಿಸಿಬಿ ಎರಡಕ್ಕೂ ದುಡ್ಡು ಎತ್ತಿಟ್ಟಿದ್ದೀರಾ?
- ಕೊಯ್ಲಿನ ತಿಂಗಳಲ್ಲಿ ತೊಟ್ಟಿ ನೋಡುವವರು ಮನೆಯಲ್ಲಿ ಇದ್ದಾರಾ?

ಮೂರಕ್ಕೂ ಹೌದು ಅಂದರೆ ಈ ಜೂನ್‌ನಲ್ಲಿ ಡ್ರಮ್ ತೊಳೆದಿಡಿ, ಜುಲೈಯಲ್ಲಿ ಮಳೆನೀರು ಹಿಡಿಯಿರಿ. ಕಲ್ಲು ಹದವಾಗಿ, ನೀರು ಹದವಾಗಿ ಮೊದಲ ಮೀನು ಬರುವಾಗ ದೀಪಾವಳಿ ಕಳೆದಿರುತ್ತದೆ. ಅಷ್ಟು ಕಾಯೋಕೆ ಆಗೋದಿಲ್ಲ ಅಂದರೆ ಸಿಹಿನೀರಿನ ಸಣ್ಣ ತೊಟ್ಟಿಯಿಂದ ಶುರು ಮಾಡಿ. ನೀರನ್ನು ಸಾಕೋದು ಅಲ್ಲೂ ಕಲಿಯಬಹುದು.